ಹಡಗು ಹಿಡಿಯೋದು ಸುಲಭ, ಹತ್ತೋದು ಕಷ್ಟ

ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಮುಗಿಸಿ ನಾವು ನಾಲ್ಕೈದು ಜನ ಒಂದೇ ಮೊಬೈಲಿನ ಮುಂದೆ ತಲೆ ತೂರಿಸಿಕೊಂಡು ಕೂತಿದ್ದೆವು. ಅದರಲ್ಲೊಂದು ವಿಡಿಯೋ ಬಂತು. ದೊಡ್ಡ ಅಪಾರ್ಟ್‌ಮೆಂಟಿನಷ್ಟು ಎತ್ತರದ ಕ್ರೂಸ್ ಹಡಗು ಬಂದರಿನ ಕಟ್ಟೆಗೆ ಅಂಟಿಕೊಂಡು ನಿಂತಿದೆ. ಹಗ್ಗ ಬಿಚ್ಚುತ್ತಿದ್ದಾರೆ. ದೂರದಿಂದ ಗಂಡ ಹೆಂಡತಿ ಇಬ್ಬರು ಕೈಯಲ್ಲಿ ಶಾಪಿಂಗ್ ಕವರ್ ಹಿಡಿದು ಓಡಿ ಬರ್ತಿದ್ದಾರೆ. ಮೇಲಿನ ಬಾಲ್ಕನಿಗಳಲ್ಲಿ ನಿಂತವರೆಲ್ಲ ಕೇಕೆ ಹಾಕ್ತಿದ್ದಾರೆ, ಚಪ್ಪಾಳೆ ತಟ್ತಿದ್ದಾರೆ. ಇವರು ಕಟ್ಟೆಯ ತುದಿ ಮುಟ್ಟುವಷ್ಟರಲ್ಲಿ ಹಡಗಿಗೂ ಕಟ್ಟೆಗೂ ನಡುವೆ ನೀರು ಕಾಣಿಸ್ತಿದೆ. ಹೀಗೆ ಓಡುವವರಿಗೆ ‘ಪಿಯರ್ ರನ್ನರ್’ ಅಂತ ಹೆಸರೇ ಇದೆ. ನಾವೂ ನಕ್ಕೆವು.

ಆಗ ನಮ್ಮಲ್ಲೊಬ್ಬ, “ಅಷ್ಟಕ್ಕೆ ಯಾಕ್ ಮಗಾ ಹಂಗ್ ಓಡ್ತಾರೆ? ಮುಂದಿನ ಊರಲ್ಲಿ ಹತ್ಕೊಂಡ್ರೆ ಆಯ್ತಪ್ಪ” ಅಂದ.

ಅವನು ಹೇಳಿದ್ದು ಸ್ವಂತ ಅನುಭವದಿಂದ. ಕಳೆದ ಸೆಮಿಸ್ಟರ್ ಇಂಡಸ್ಟ್ರಿಯಲ್ ವಿಸಿಟ್‌ಗೆ ಮಂಗಳೂರಿಗೆ ಹೊರಟಾಗ ನಮ್ಮ ಬಸ್ಸು ಕಾಲೇಜ್ ಗೇಟಿನಿಂದ ಬೆಳಿಗ್ಗೆ ಐದೂವರೆಗೆ ಸರಿಯಾಗಿ ಹೊರಟುಬಿಟ್ಟಿತ್ತು. ಅಲಾರಂ ಆಫ್ ಮಾಡಿ ಮಲಗಿದ್ದ ಇವನೂ ಇವನ ರೂಮ್‌ಮೇಟೂ ಹಾಸನದ ಕಡೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸು ಹಿಡಿದು, ಬೆಳ್ಳೂರು ಕ್ರಾಸಿನಲ್ಲಿ ನಾವೆಲ್ಲ ಇಡ್ಲಿ ವಡೆ ತಿನ್ನುತ್ತಿರುವಾಗ ಬಂದು ಸೇರಿಕೊಂಡಿದ್ದರು. ಮೇಷ್ಟ್ರು ನಾಲ್ಕು ಮಾತು ಬೈದರು, ಅಟೆಂಡೆನ್ಸ್ ಹಾಕಿದರು, ಅಲ್ಲಿಗೆ ಮುಗೀತು.

ಹಡಗಿಗೂ ಹೀಗೇ ಮಾಡಬಹುದಲ್ವಾ? ಲೆಕ್ಕ ಹಾಕಿ ನೋಡಿದೆವು. ದೊಡ್ಡ ಕ್ರೂಸ್ ಹಡಗು ಸಾಮಾನ್ಯವಾಗಿ ಓಡೋದು 20 ನಾಟ್ ಆಸುಪಾಸಿನಲ್ಲಿ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್. 20 ನಾಟ್ ಅಂದರೆ ಗಂಟೆಗೆ 37 ಕಿಲೋಮೀಟರ್. ನಮ್ಮ ಕೆಂಪು ಬಸ್ಸು ಇದನ್ನು ಆರಾಮಾಗಿ ಹಿಂದೆ ಹಾಕುತ್ತೆ! ರೈಲು, ವಿಮಾನದ ಮಾತೇ ಬೇಡ. ಹಾಗಾದರೆ ಆ ಇಬ್ಬರು ಜೀವ ಹೋಗುವ ಹಾಗೆ ಯಾಕೆ ಓಡಿದರು?

ಈ ಪ್ರಶ್ನೆ ಹಿಡಿದು ನಾವು ಒಂದಷ್ಟು ಓದಿದೆವು. ಮೆಕ್ಯಾನಿಕಲ್ ಮುಗಿಸಿ ಹಡಗಿನ ಕೆಲಸಕ್ಕೆ ಸೇರಿರುವ ಸೀನಿಯರ್ ಒಬ್ಬರಿಗೆ ಫೋನ್ ಮಾಡಿ ತಲೆ ತಿಂದೆವು. ಸಿಕ್ಕ ಉತ್ತರವನ್ನು ಒಂದೇ ಸಾಲಲ್ಲಿ ಹೇಳೋದಾದರೆ, ಹಡಗನ್ನು ಹಿಡಿಯೋದು ಸುಲಭ, ಹತ್ತೋದು ಕಷ್ಟ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಹತ್ತು ನಿಮಿಷ ಕಾದರೆ ಏನು ಗಂಟು ಹೋಗುತ್ತೆ?

ಮೊದಲಿಗೆ ನಮಗೂ ಕ್ಯಾಪ್ಟನ್ ಮೇಲೆ ಸಿಟ್ಟು ಬಂದಿತ್ತು. ಕಣ್ಣೆದುರಿಗೆ ಓಡಿ ಬರ್ತಿದ್ದಾರೆ, ಒಂದು ಹತ್ತು ನಿಮಿಷ ನಿಲ್ಲಬಾರದಾ ಅಂತ. ಆದರೆ ಹಡಗು ಹೊರಡೋದು ಕ್ಯಾಪ್ಟನ್ ಒಬ್ಬರ ಕೈಯಲ್ಲಿ ಇರುವ ವಿಷಯ ಅಲ್ಲ. ಹೆಚ್ಚಿನ ಬಂದರುಗಳಲ್ಲಿ ಆ ಊರಿನ ನೀರು, ಆಳ, ಮರಳುದಿಬ್ಬ ಎಲ್ಲ ಗೊತ್ತಿರುವ ಪೈಲಟ್ ಹಡಗಿಗೆ ಬಂದು ದಾರಿ ತೋರಿಸಬೇಕು. ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿನಲ್ಲೂ ಅಷ್ಟೇ. ಪೈಲಟ್, ಹಡಗನ್ನು ಎಳೆಯುವ ಟಗ್ ದೋಣಿಗಳು, ಹಗ್ಗ ಬಿಚ್ಚುವ ಕೆಲಸಗಾರರು ಎಲ್ಲರೂ ಇಂತಿಷ್ಟು ಗಂಟೆಗೆ ಅಂತ ಬುಕ್ ಆಗಿರುತ್ತಾರೆ. ಇವರ ಜಾಗಕ್ಕೆ ಬರಬೇಕಾದ ಇನ್ನೊಂದು ಹಡಗು ಹೊರಗೆ ಕಾಯುತ್ತಿರಬಹುದು.

ಇದರ ಮೇಲೆ ಉಬ್ಬರ ಇಳಿತದ ಲೆಕ್ಕ ಬೇರೆ. ನೀರು ಇಳಿದರೆ ತಳ ತಾಗುವ ಬಂದರುಗಳಿವೆ, ನೀರು ಏರಿದರೆ ಸೇತುವೆಗೆ ತಲೆ ತಾಗುವ ಹಡಗುಗಳೂ ಇವೆ. ಕ್ವೀನ್ ಮೇರಿ 2 ಹಡಗಿನ ಚಿಮಣಿಯ ಎತ್ತರವನ್ನು ನ್ಯೂಯಾರ್ಕಿನ ವೆರಜಾನೋ ಸೇತುವೆಯ ಕೆಳಗೆ ಹಾಯುವ ಹಾಗೆ ಲೆಕ್ಕ ಹಾಕಿಯೇ ಕಟ್ಟಿದ್ದಾರೆ.

ಇನ್ನು ಎಂಜಿನಿಯರಿಂಗ್ ಓದುವ ನಮಗೆ ಇಷ್ಟವಾದ ಕಾರಣ ಡೀಸೆಲ್ಲಿನದ್ದು. ನೀರಿನಲ್ಲಿ ಹಡಗನ್ನು ನೂಕಲು ಬೇಕಾದ ಪವರ್ ಹೆಚ್ಚುಕಮ್ಮಿ ವೇಗದ ಘನದಷ್ಟು ಏರುತ್ತೆ. ವೇಗ ಎರಡು ಪಟ್ಟಾದರೆ ಪವರ್ ಎಂಟು ಪಟ್ಟು. ಒಂದು ಉದಾಹರಣೆ ತಗೊಳ್ಳಿ. ಮುಂದಿನ ಬಂದರು 200 ನಾಟಿಕಲ್ ಮೈಲಿ ದೂರ, 20 ನಾಟ್‌ನಲ್ಲಿ 10 ಗಂಟೆ. ಇಲ್ಲಿ ಒಂದು ಗಂಟೆ ತಡವಾಗಿ ಹೊರಟು ಅಲ್ಲಿಗೆ ಸರಿಯಾದ ಸಮಯಕ್ಕೇ ತಲುಪಬೇಕು ಅಂದರೆ 9 ಗಂಟೆಯಲ್ಲಿ ಹೋಗಬೇಕು. ಅಂದರೆ 22.2 ನಾಟ್. ಪವರ್ ಶೇಕಡ 37ರಷ್ಟು ಜಾಸ್ತಿ ಬೇಕು. ಓಡುವ ಸಮಯ ಒಂದು ಗಂಟೆ ಕಡಿಮೆಯಾಗುವುದರಿಂದ ಒಟ್ಟು ಇಂಧನ ಶೇಕಡ 23ರಷ್ಟು ಜಾಸ್ತಿ ಆಗುತ್ತೆ. ಎರಡು ಗಂಟೆ ತಡವಾದರೆ? 8 ಗಂಟೆಯಲ್ಲಿ ಹೋಗಲು 25 ನಾಟ್ ಬೇಕು, ಇಂಧನ ಶೇಕಡ 56ರಷ್ಟು ಜಾಸ್ತಿ. ಅದಕ್ಕಿಂತ ಮುಖ್ಯವಾಗಿ, ಹೆಚ್ಚಿನ ಕ್ರೂಸ್ ಹಡಗುಗಳಿಗೆ ಅಷ್ಟು ವೇಗದಲ್ಲಿ ಓಡೋಕೇ ಆಗೋದಿಲ್ಲ. ಈ ಲೆಕ್ಕ ಬರೀ ಪ್ರೊಪೆಲ್ಲರಿನದ್ದು. ಎಸಿ, ಅಡುಗೆಮನೆ, ದೀಪಗಳ ಕರೆಂಟು ಇದರಲ್ಲಿ ಸೇರಿಲ್ಲ.

ಹಡಗಿನಲ್ಲಿ 3,000 ಜನ ಇದ್ದಾರೆ ಅಂದುಕೊಳ್ಳಿ. ಇಬ್ಬರಿಗಾಗಿ ಅರ್ಧ ಗಂಟೆ ನಿಂತರೆ ಉಳಿದವರ 1,500 ಗಂಟೆ ಹೋಯಿತು. ಇವತ್ತು ಇಬ್ಬರಿಗೆ ನಿಂತರೆ ನಾಳೆ ಇಪ್ಪತ್ತು ಜನ ತಡ ಮಾಡ್ತಾರೆ. ಒಂದೇ ಒಂದು ವಿನಾಯಿತಿ ಅಂದರೆ, ಹಡಗಿನ ಕಂಪನಿಯವರೇ ಕರೆದುಕೊಂಡು ಹೋದ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತೆ, ಇಲ್ಲವಾದರೆ ಕಂಪನಿಯೇ ಮುಂದಿನ ಬಂದರಿಗೆ ತಲುಪಿಸುತ್ತೆ. ನಾವೇ ಹೊರಗಡೆ ಟ್ಯಾಕ್ಸಿ ಮಾಡಿಕೊಂಡು ಸುತ್ತಲು ಹೋಗಿದ್ದರೆ ಆ ಮಾತಿಲ್ಲ.

ಬಾಗಿಲು ಹಾಕೋದು ಹೆಸರಿನ ಪಟ್ಟಿ

ಪ್ರಯಾಣ ಶುರುವಾಗುವ ಬಂದರಿನಲ್ಲಿ ಇನ್ನೊಂದು ತೊಡಕಿದೆ. ಟಿಕೆಟ್ಟಿನಲ್ಲಿ ಹಡಗು ಸಂಜೆ 5ಕ್ಕೆ ಹೊರಡುತ್ತೆ ಅಂತ ಇದ್ದರೆ ನಾವು 4:50ಕ್ಕೆ ಬಂದರೆ ಸಾಕು ಅಂದುಕೊಳ್ತೀವಿ. ಆದರೆ ಸಾಮಾನ್ಯವಾಗಿ 60ರಿಂದ 90 ನಿಮಿಷ ಮೊದಲೇ ಚೆಕ್‌-ಇನ್ ಮುಚ್ಚಿರುತ್ತೆ. ಹಡಗು ಎದುರಿಗೇ ನಿಂತಿರುತ್ತೆ, ಏಣಿ ಇಳಿಬಿಟ್ಟಿರುತ್ತೆ, ಆದರೂ ಬಿಡೋದಿಲ್ಲ. ಯಾಕೆಂದರೆ ಹೊರಡುವ ಮೊದಲು ಹಡಗಿನಲ್ಲಿ ಯಾರ್ಯಾರಿದ್ದಾರೆ ಅನ್ನುವ ಪಟ್ಟಿ ಮುಗಿದಿರಬೇಕು. ಅಮೆರಿಕದಂಥ ದೇಶಗಳಲ್ಲಿ ಆ ಪಟ್ಟಿ ಸರಕಾರದ ಗಡಿ ಇಲಾಖೆಗೆ ಮುಂಚೆಯೇ ಹೋಗಬೇಕು. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ‘ಸೋಲಾಸ್’ ಪ್ರಕಾರವೂ ಪ್ರಯಾಣಿಕರ ಹಡಗು ಹೊರಡುವ ಮೊದಲು ತಲೆ ಎಣಿಕೆ ಆಗಲೇಬೇಕು.

ಇದೆಲ್ಲ ಬರೀ ಕಾಗದದ ಕೆಲಸ ಅಂತ ಅನ್ನಿಸಿದರೆ ಕೋಸ್ಟಾ ಕಾನ್‌ಕಾರ್ಡಿಯಾ ನೆನಪು ಮಾಡಿಕೊಳ್ಳಿ. 2012ರ ಜನವರಿ 13ರ ರಾತ್ರಿ ಇಟಲಿಯ ಜೀಲಿಯೋ ದ್ವೀಪದ ಹತ್ತಿರ ಬಂಡೆಗೆ ಬಡಿದು ವಾಲಿಕೊಂಡ ಹಡಗು ಅದು. 32 ಜನ ಸತ್ತರು. ಆ ಹಡಗು ಒಂದೇ ಊರಿನಿಂದ ಜನ ಹತ್ತಿಸಿಕೊಳ್ಳುವ ಹಡಗಾಗಿರಲಿಲ್ಲ, ಸುತ್ತು ಹೊಡೆಯುತ್ತಾ ಬೇರೆ ಬೇರೆ ಬಂದರುಗಳಲ್ಲಿ ಹತ್ತಿಸಿಕೊಳ್ಳುತ್ತಿತ್ತು. ಆ ಸಂಜೆ ರೋಮ್ ಹತ್ತಿರದ ಚಿವಿತಾವೆಕ್ಯಾ ಬಂದರಿನಲ್ಲಿ ಹತ್ತಿದ್ದ ನೂರಾರು ಜನರಿಗೆ, ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅನ್ನುವ ತಾಲೀಮು ಇನ್ನೂ ಆಗಿರಲಿಲ್ಲ. ಅವತ್ತಿನ ನಿಯಮ ಹತ್ತಿದ 24 ಗಂಟೆಯೊಳಗೆ ಮಾಡಿಸಿದರೆ ಸಾಕು ಅಂತ ಇತ್ತು. 2015ರ ಜನವರಿ 1ರಿಂದ ಅದನ್ನು ಬದಲಾಯಿಸಿ, ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಮಾಡಿಸಬೇಕು ಅಂತ ಮಾಡಿದರು. ಹಾಗಾಗಿ ಮಧ್ಯದ ಬಂದರಿನಲ್ಲಿ ಒಬ್ಬರೇ ಹತ್ತಿದರೂ ಅವರ ಹೆಸರು ಪಟ್ಟಿಗೆ ಸೇರಬೇಕು, ಬ್ಯಾಗು ಸ್ಕ್ಯಾನ್ ಆಗಬೇಕು, ಆ ತಾಲೀಮೂ ಆಗಬೇಕು. ಬೆಳ್ಳೂರು ಕ್ರಾಸಿನಲ್ಲಿ ಬಂದು ಸೀಟಿನಲ್ಲಿ ಕೂತ ಹಾಗಲ್ಲ.

ಎರಡು ಗಡಿಯಾರ

ಮಧ್ಯದ ಬಂದರಿನಲ್ಲಿ ಊರು ನೋಡಲು ಇಳಿದು ಹಡಗು ತಪ್ಪಿಸಿಕೊಳ್ಳುವವರ ಕಥೆ ಬೇರೆ. ಇವರಲ್ಲಿ ಎಲ್ಲರೂ ಸೋಮಾರಿಗಳಲ್ಲ. ಎಷ್ಟೋ ಜನ ಮೋಸ ಹೋಗೋದು ಮೊಬೈಲ್ ಗಡಿಯಾರದಿಂದ. ಎಷ್ಟೋ ಹಡಗುಗಳು ಹೊರಟ ಊರಿನ ಸಮಯವನ್ನೇ ಇಟ್ಟುಕೊಂಡು ಓಡುತ್ತವೆ. ಅಮೆರಿಕದ ಮಯಾಮಿಯಿಂದ ಮೆಕ್ಸಿಕೋದ ಕೊಜುಮೆಲ್ ದ್ವೀಪಕ್ಕೆ ಹೋಗುವ ಹಡಗು ನೋಡಿ. ಬೇಸಿಗೆಯಲ್ಲಿ ಮಯಾಮಿಯವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಕೊಜುಮೆಲ್‌ನವರು ತಿರುಗಿಸೋದಿಲ್ಲ. ದ್ವೀಪದಲ್ಲಿ ಇಳಿದ ಕೂಡಲೇ ನಮ್ಮ ಮೊಬೈಲು ತಾನೇ ಜಾಣ ಅಂತ ಅಲ್ಲಿನ ಸಮಯಕ್ಕೆ ಬದಲಾಗಿಬಿಡುತ್ತೆ. ಮೊಬೈಲಿನಲ್ಲಿ ಮೂರೂವರೆ, ಇನ್ನೂ ಒಂದು ಗಂಟೆ ಇದೆ ಅಂತ ಎಳನೀರು ಕುಡಿಯುತ್ತಾ ಕೂತಿರುತ್ತೇವೆ. ಹಡಗಿನಲ್ಲಿ ಆಗಲೇ ನಾಲ್ಕೂವರೆ.

ಅದಕ್ಕೇ ಹಡಗು ಇಳಿಯುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಗಂಟೆಗೆ ವಾಪಸ್ ಬರಬೇಕು ಅಂತ ಅಲ್ಲ, ಯಾರ ಗಡಿಯಾರದಲ್ಲಿ ಅಂತ. ವಾಪಸ್ ಬರಬೇಕಾದ ಸಮಯ ಹೊರಡುವ ಸಮಯಕ್ಕಿಂತ ಅರ್ಧ ಗಂಟೆಯಾದರೂ ಮುಂಚೆ ಇರುತ್ತೆ ಅನ್ನೋದೂ ನೆನಪಿರಲಿ.

ಮೂರು ಬೀಗ

ಸರಿ, ಹಡಗು ತಪ್ಪಿತು. ಮುಂದಿನ ಬಂದರಿಗೆ ಹಡಗಿಗಿಂತ ಮುಂಚೆ ಹೋಗಿ ನಿಂತೆವು. ಆಗ ಎದುರಿಗೆ ಮೂರು ಬೀಗ ಇರುತ್ತವೆ. ಮೂರೂ ತೆರೆದರೆ ಮಾತ್ರ ಒಳಗೆ.

ಮೊದಲನೇ ಬೀಗ ಕಂಪನಿಯದ್ದು. ಮೊದಲ ಬಂದರಿನಲ್ಲಿ ನೀವು ಬರಲಿಲ್ಲ, ಏನೂ ತಿಳಿಸಲೂ ಇಲ್ಲ ಅಂದರೆ ಲೆಕ್ಕದಲ್ಲಿ ನೀವು ‘ನೋ ಶೋ’. ಮುಂದಿನ ಬಂದರಿನಲ್ಲಿ ಹತ್ತಲು ಕಂಪನಿ ಮೊದಲೇ ಒಪ್ಪಿರಬೇಕು, ಆ ಬಂದರಿನ ಅಧಿಕಾರಿಗಳಿಗೆ ತಿಳಿಸಿರಬೇಕು.

ಎರಡನೇ ಬೀಗ ವೀಸಾ. ಹಡಗಿನಲ್ಲೇ ಬಂದು ಒಂದು ಹಗಲು ಇಳಿದು ಹೋಗುವವರಿಗೆ ಕೆಲವು ದೇಶಗಳು ವೀಸಾ ಕೇಳೋದಿಲ್ಲ. ಅದೇ ದೇಶಕ್ಕೆ ವಿಮಾನದಲ್ಲಿ ಬಂದರೆ ಕೇಳುತ್ತವೆ. ಅಂದರೆ ಹಡಗು ತಪ್ಪಿದ ಕ್ಷಣ ನಾವು ‘ಕ್ರೂಸ್ ಪ್ರಯಾಣಿಕ’ ಅನ್ನುವ ಜಾತಿಯಿಂದ ಹೊರಗೆ ಬಿದ್ದು ಮಾಮೂಲಿ ವಿದೇಶಿಯಾಗುತ್ತೇವೆ. ಭಾರತದ ಪಾಸ್‌ಪೋರ್ಟ್ ಇರುವ ನಮಗೆ ಇದು ದೊಡ್ಡ ವಿಷಯ.

ಯೂರೋಪಿನಲ್ಲಿ ಇದೇ ಬೀಗ ಸುಲಭವಾಗಿ ತೆರೆಯುವುದೂ ಉಂಟು. ಬಾರ್ಸಿಲೋನಾದಲ್ಲಿ ಹಡಗು ತಪ್ಪಿತು, ಮುಂದಿನ ನಿಲ್ದಾಣ ಫ್ರಾನ್ಸಿನ ಮಾರ್ಸೇ ಅಥವಾ ಇಟಲಿಯ ಜಿನೋವಾ ಅಂದುಕೊಳ್ಳಿ. ಸ್ಪೇನ್, ಫ್ರಾನ್ಸ್, ಇಟಲಿ ಮೂರೂ ಷೆಂಗೆನ್ ಒಳಗೇ ಇರುವುದರಿಂದ ಅದೇ ವೀಸಾದಲ್ಲಿ ರೈಲಿನಲ್ಲಿ ಹೋಗಬಹುದು. ಅಲ್ಲಿನ ಎಷ್ಟೋ ಹಡಗುಗಳು ಈ ಎಲ್ಲ ಬಂದರುಗಳಲ್ಲೂ ಹೊಸ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದರಿಂದ ಚೆಕ್‌-ಇನ್ ಕೌಂಟರ್ ಕೂಡ ಇರುತ್ತೆ. ನಾರ್ವೆಯಲ್ಲಿ ಇನ್ನೂ ಸುಲಭ. ಅಲ್ಲಿನ ಕರಾವಳಿಯಲ್ಲಿ ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುವ ಹಡಗು ಸೇವೆ 1893ರಿಂದ ನಡೆದು ಬಂದಿದೆ. ಊರಿನವರು ಒಂದು ಬಂದರಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತಾರೆ, ಥೇಟ್ ನಮ್ಮ ಶಟಲ್ ಬಸ್ಸಿನ ಹಾಗೆ. ಅಲ್ಲಿ ಒಂದು ಕಡೆ ತಪ್ಪಿದರೆ ರಸ್ತೆಯಲ್ಲಿ ಹೋಗಿ ಮುಂದೆ ಹತ್ತುವ ಮಾತು ಆಡಬಹುದು. ನಮ್ಮ ಗೆಳೆಯ ಅಂದುಕೊಂಡಿದ್ದ ಹಡಗು ಅದೇ.

ಮೂರನೇ ಬೀಗ ಕಾನೂನು. ಇದು ನಮಗೆ ಗೊತ್ತೇ ಇರಲಿಲ್ಲ. ಅಮೆರಿಕದಲ್ಲಿ 1886ರ ಪ್ರಯಾಣಿಕ ಹಡಗು ಕಾಯ್ದೆ ಅಂತ ಒಂದಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡು ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವ ಹಾಗಿಲ್ಲ, ಮಧ್ಯೆ ದೂರದ ವಿದೇಶಿ ಬಂದರನ್ನು ಮುಟ್ಟಿದ್ದರೆ ಮಾತ್ರ ಆಗಬಹುದು. ತಮ್ಮ ದೇಶದ ಹಡಗುಗಳ ವ್ಯಾಪಾರ ಉಳಿಸಿಕೊಳ್ಳಲು ಮಾಡಿದ ಕಾನೂನು. ಇವತ್ತಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ಇಂಥ ದೇಶಗಳ ಬಾವುಟ ಹಾರಿಸುತ್ತವೆ. ಹಾಗಾಗಿ ಈ ಕಾನೂನು ಅವಕ್ಕೆ ತಗುಲುತ್ತೆ.

ಈಗ ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗಿ ಸಿಯಾಟಲ್‌ಗೇ ವಾಪಸ್ ಬರುವ ಒಂದು ವಾರದ ಪ್ರಯಾಣ ನೋಡಿ. ಅಲಾಸ್ಕಾದ ಕೆಚಿಕಾನ್, ಜೂನೋ, ಸ್ಕ್ಯಾಗ್‌ವೇ, ಆಮೇಲೆ ಕೆನಡಾದ ವಿಕ್ಟೋರಿಯಾ, ಕೊನೆಗೆ ಸಿಯಾಟಲ್, ಹೀಗೆ ಇರುತ್ತೆ. ಸಿಯಾಟಲ್‌ನಲ್ಲಿ ಹಡಗು ತಪ್ಪಿತು. ಜೂನೋ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ಆದರೂ ವಿಮಾನ ಹಿಡಿದು ಹಡಗಿಗಿಂತ ಮುಂಚೆ ಹೋಗಿ ನಿಂತಿರಿ. ಹತ್ತಿಸಿಕೊಳ್ಳೋದಿಲ್ಲ. ಯಾಕೆಂದರೆ ಈಗ ನೀವು ಜೂನೋದಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯುವವರಾದಿರಿ. ಎರಡೂ ಅಮೆರಿಕದ್ದೇ, ಬೇರೆ ಬೇರೆ ಬಂದರು. ಮೊದಲೇ ಸಿಯಾಟಲ್‌ನಲ್ಲಿ ಹತ್ತಿದ್ದರೆ ಹತ್ತಿದ್ದೂ ಇಳಿದಿದ್ದೂ ಒಂದೇ ಊರು, ತೊಂದರೆ ಇರಲಿಲ್ಲ. ನಡುವೆ ವಿಕ್ಟೋರಿಯಾ ಇದೆಯಲ್ಲ ಅಂತೀರಾ? ಅದು ವಿದೇಶ ಹೌದು, ಆದರೆ ಕಾನೂನಿನ ಕಣ್ಣಲ್ಲಿ ‘ದೂರದ’ ವಿದೇಶ ಅಲ್ಲ. ವಿಕ್ಟೋರಿಯಾದಲ್ಲೇ ಹತ್ತಿದರೆ ಈ ಕಾನೂನು ಅಡ್ಡ ಬರೋದಿಲ್ಲ, ಆದರೆ ಅಷ್ಟೊತ್ತಿಗೆ ಪ್ರಯಾಣವೇ ಮುಗಿದಿರುತ್ತೆ! ಕಾನೂನು ಮುರಿದರೆ ತಲೆಗೆ ನೂರಾರು ಡಾಲರ್ ದಂಡ.

ಇದೇ ಕಾನೂನು ಮಯಾಮಿಯಲ್ಲಿ ತಪ್ಪಿಸಿಕೊಂಡವರಿಗೆ ಅಡ್ಡ ಬರೋದಿಲ್ಲ. ಕೊಜುಮೆಲ್‌ನಲ್ಲಿ ಹತ್ತಿ ಮಯಾಮಿಯಲ್ಲಿ ಇಳಿದರೆ ಹತ್ತಿದ್ದು ವಿದೇಶದಲ್ಲಿ, ಹಾಗಾಗಿ ಸರಿ. ಅಲ್ಲಿ ಅಮೆರಿಕನ್ನರೇ ಸಿಕ್ಕಿಬೀಳುವುದುಂಟು. ಹೊರಟ ಬಂದರಿಗೇ ವಾಪಸ್ ಬರುವ ಇಂಥ ಹಡಗಿಗೆ ಅವರು ಜನನ ಪ್ರಮಾಣಪತ್ರ, ಒಂದು ಗುರುತಿನ ಚೀಟಿ ತೋರಿಸಿ ಹತ್ತಬಹುದು. ಆದರೆ ಹಡಗು ತಪ್ಪಿ ಮೆಕ್ಸಿಕೋಗೆ ವಿಮಾನದಲ್ಲಿ ಹೋಗಬೇಕು ಅಂದರೆ ಪಾಸ್‌ಪೋರ್ಟ್ ಬೇಕೇ ಬೇಕು. ಹವಾಯಿ ದ್ವೀಪಗಳ ನಡುವೆ ಸುತ್ತುವ ‘ಪ್ರೈಡ್ ಆಫ್ ಅಮೆರಿಕಾ’ ಹಡಗಿನದ್ದು ಅಮೆರಿಕದ್ದೇ ಬಾವುಟ. ಹಾಗಾಗಿ ಆ ಹಡಗಿಗೆ ಈ ಕಾಯ್ದೆಯ ತಕರಾರಿಲ್ಲ. ಸಮುದ್ರ ಅದೇ, ನಾಟ್ ಲೆಕ್ಕ ಅದೇ. ಹಿಂದೆ ಹಾರುವ ಬಟ್ಟೆಯ ತುಂಡು ಬೇರೆ, ಅಷ್ಟೇ.

ಸಾವೊ ಟೊಮೆಯ ಎಂಟು ಜನ

ಈ ಮೂರೂ ಬೀಗ ತೆರೆದ ಮೇಲೂ ಏನಾಗಬಹುದು ಅನ್ನೋದಕ್ಕೆ 2024ರ ಮಾರ್ಚ್ ಕೊನೆಯ ಘಟನೆ ಸಾಕು. ನಾರ್ವೇಜಿಯನ್ ಡಾನ್ ಅನ್ನುವ ಹಡಗು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಹೊರಟು ಆಫ್ರಿಕಾದ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗಿ ಬಾರ್ಸಿಲೋನಾಗೆ ಹೋಗ್ತಿತ್ತು. ಮಧ್ಯೆ ಸಾವೊ ಟೊಮೆ ಅನ್ನುವ ಪುಟ್ಟ ದ್ವೀಪದಲ್ಲಿ ಲಂಗರು ಹಾಕಿತ್ತು. ಎಂಟು ಜನ ಪ್ರಯಾಣಿಕರು ಹೊರಗಿನವರು ನಡೆಸುವ ಟೂರಿಗೆ ಹೋಗಿ ತಡವಾಗಿ ಬಂದರು. ಹಡಗು ಇನ್ನೂ ಕಣ್ಣಿಗೆ ಕಾಣುತ್ತಾ ಲಂಗರಿನಲ್ಲೇ ಇತ್ತು. ಅಲ್ಲಿನ ಕರಾವಳಿ ಕಾವಲಿನವರು ದೋಣಿಯಲ್ಲಿ ಹಡಗಿನ ಹತ್ತಿರಕ್ಕೂ ಕರೆದುಕೊಂಡು ಹೋದರು. ಹತ್ತಿಸಿಕೊಳ್ಳಲಿಲ್ಲ. ಅವರ ಪಾಸ್‌ಪೋರ್ಟುಗಳನ್ನು ಹಡಗಿನವರು ಬಂದರಿನ ಏಜೆಂಟರಿಗೆ ತಲುಪಿಸಿ ಮುಂದೆ ಹೋದರು.

ಎಂಟೂ ಜನ ಹಲವು ದೇಶಗಳನ್ನು ಸುತ್ತಿಕೊಂಡು ವಿಮಾನ ಬದಲಾಯಿಸುತ್ತಾ ಹಡಗಿನ ಮುಂದಿನ ನಿಲ್ದಾಣ ಗ್ಯಾಂಬಿಯಾಕ್ಕೆ ಬಂದರು. ಹಡಗಿಗಿಂತ ಮುಂಚೆಯೇ. ಅಂದರೆ ನಮ್ಮ ಲೆಕ್ಕ ಸರಿ, ಹಡಗನ್ನು ಹಿಡಿಯೋದು ಸಾಧ್ಯ. ಆದರೆ ಅವತ್ತು ಇಳಿತದಿಂದ ನೀರು ಸಾಲದೆ ಹಡಗು ಗ್ಯಾಂಬಿಯಾದ ಬಂದರಿಗೆ ಬರಲೇ ಇಲ್ಲ! ದಡದಲ್ಲಿ ಇವರು, ಸಮುದ್ರದಲ್ಲಿ ಅದು. ಅಲ್ಲಿಂದ ಮತ್ತೆ ಹೊರಟು ಸೆನೆಗಲ್‌ನ ಡಕಾರ್‌ಗೆ ಹೋಗಿ ಕಾಯಬೇಕಾಯಿತು. ಏಪ್ರಿಲ್ 2ರಂದು ಅಲ್ಲಿ ಹಡಗು ಸೇರಿಕೊಂಡರು. ಒಂದು ಮಧ್ಯಾಹ್ನದ ತಡಕ್ಕೆ ಸುಮಾರು ಒಂದು ವಾರ.

ಇದನ್ನು ಓದಿದ ಮೇಲೆ ಆ ವಿಡಿಯೋದಲ್ಲಿ ಓಡುತ್ತಿದ್ದವರ ಬಗ್ಗೆ ನಮಗಿದ್ದ ನಗು ಕಡಿಮೆಯಾಯಿತು. ಅವರು ಹಡಗಿಗೋಸ್ಕರ ಓಡುತ್ತಿರಲಿಲ್ಲ. ಹಡಗಿನ ರೂಮಿನೊಳಗೆ ಪಾಸ್‌ಪೋರ್ಟ್ ಇರುತ್ತೆ, ಬಟ್ಟೆ ಇರುತ್ತೆ, ಬಿಪಿ ಮಾತ್ರೆ ಇರುತ್ತೆ, ದುಡ್ಡಿನ ಕಾರ್ಡ್ ಇರುತ್ತೆ. ಕೈಯಲ್ಲಿ ಇರೋದು ಒಂದು ಶಾಪಿಂಗ್ ಕವರು, ರೂಮಿನ ಬಾಗಿಲು ತೆರೆಯುವ ಒಂದು ಪ್ಲಾಸ್ಟಿಕ್ ಕಾರ್ಡು. ಪರದೇಶದ ಕಟ್ಟೆಯ ಮೇಲೆ ಅದಿಷ್ಟೇ ಗುರುತು.

ಹಡಗಿನಲ್ಲಿ ಕೆಲಸ ಮಾಡುವವರು ಏನಂತಾರೆ?

“ನಾವಂತೂ ಯಾವಾಗಲೂ ಮಧ್ಯದ ಬಂದರಿನಲ್ಲೇ ಹತ್ತೋದು ಕಣ್ರೋ” ಅಂದರು ನಮ್ಮ ಸೀನಿಯರ್. ಮೆಕ್ಯಾನಿಕಲ್ ಬಿ.ಇ. ಆದವರು ಒಂದು ವರ್ಷದ ಗ್ರ್ಯಾಜುಯೇಟ್ ಮರೈನ್ ಎಂಜಿನಿಯರಿಂಗ್ ಕೋರ್ಸ್ ಮಾಡಿ ಹಡಗಿನ ಎಂಜಿನ್ ರೂಮಿಗೆ ಸೇರಬಹುದು, ಅವರು ಹೋಗಿದ್ದು ಹಾಗೆ. ಸಿಬ್ಬಂದಿ ಬದಲಾವಣೆಗೆ ಹಡಗು ಯಾರಿಗೂ ಕಾಯೋದಿಲ್ಲ. ಅದು ಪ್ರಪಂಚದಲ್ಲಿ ಎಲ್ಲಿರುತ್ತೋ ಅಲ್ಲಿಗೇ ಇವರು ವಿಮಾನದಲ್ಲಿ ಹೋಗಿ ಸೇರಬೇಕು.

“ಮತ್ತೆ ನಿಮಗೆ ಕಷ್ಟ ಆಗಲ್ವಾ ಅಣ್ಣ?” ಅಂತ ಕೇಳಿದೆವು.

“ನಮ್ಮ ಹಿಂದೆ ಕಾಗದ ಓಡಾಡಿರುತ್ತೆ. ಸಿಡಿಸಿ ಪುಸ್ತಕ ಇರುತ್ತೆ, ಕಂಪನಿ ಪತ್ರ ಇರುತ್ತೆ, ಆ ದೇಶಕ್ಕೆ ಬೇಕಾದ ವೀಸಾ ಇರುತ್ತೆ, ಏರ್‌ಪೋರ್ಟಿನಲ್ಲಿ ಏಜೆಂಟ್ ಹೆಸರಿನ ಬೋರ್ಡ್ ಹಿಡಿದು ನಿಂತಿರ್ತಾನೆ. ನಾವು ಹಡಗು ಅಟ್ಟಿಸಿಕೊಂಡು ಹೋಗಲ್ಲ, ನಮ್ಮ ಹೆಸರು ನಮಗಿಂತ ಮೊದಲು ಅಲ್ಲಿಗೆ ಹೋಗಿರುತ್ತೆ.”

ಈ ಕೊನೆಯ ಮಾತು ನಮಗೆ ಇಡೀ ವಿಷಯದ ಕೀಲಿ ಅನ್ನಿಸಿತು. ಪ್ರಯಾಣಿಕನಿಗೂ ಇದೇ ಅನ್ವಯ. ಮುಂದಿನ ಬಂದರಿಗೆ ನಾವು ಹೋಗೋದಕ್ಕಿಂತ ಮೊದಲು ನಮ್ಮ ಹೆಸರು ಹೋಗಿರಬೇಕು.

ಅಕಸ್ಮಾತ್ ತಪ್ಪಿದರೆ

ನಮ್ಮಲ್ಲಿ ಎಷ್ಟು ಜನ ಕ್ರೂಸ್ ಹತ್ತುತ್ತೇವೋ ಗೊತ್ತಿಲ್ಲ. ಆದರೆ ಎಂ.ಎಸ್. ಮಾಡಲು ಹೋದವರು ಕೆಲಸ ಸಿಕ್ಕ ಮೇಲೆ ಅಪ್ಪ ಅಮ್ಮನನ್ನು ಕರೆಸಿಕೊಂಡು ಇಂಥ ಪ್ರವಾಸ ಮಾಡಿಸುವುದು ಮಾಮೂಲಿ. ಅವತ್ತು ಕಟ್ಟೆಯ ಮೇಲೆ ಓಡಬೇಕಾದವರು ಅರವತ್ತು ದಾಟಿದ ಅಮ್ಮ ಆಗಿರಬಹುದು. ಅದಕ್ಕೇ ಇಷ್ಟು ನೆನಪಿಟ್ಟುಕೊಳ್ಳಿ.

ಹಡಗು ಹೊರಡುವ ದಿನವೇ ವಿಮಾನ ಇಳಿಯುವ ಹಾಗೆ ಬುಕ್ ಮಾಡಬೇಡಿ. ಒಂದು ದಿನ ಮುಂಚೆ ಹೋಗಿ ಆ ಊರಲ್ಲಿ ಮಲಗಿ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆ ಕೊನೇ ಗಳಿಗೆಯ ವಿಮಾನ ಟಿಕೆಟ್ಟಿಗಿಂತ ಕಡಿಮೆಯೇ ಇರುತ್ತೆ.

ತಡ ಆಗುತ್ತೆ ಅಂತ ಗೊತ್ತಾದ ಕೂಡಲೇ, ಹಡಗು ಹೊರಡುವ ಮೊದಲೇ, ಟಿಕೆಟ್ಟಿನಲ್ಲಿರುವ ತುರ್ತು ನಂಬರಿಗೆ ಫೋನ್ ಮಾಡಿ. ಮೂರು ವಿಷಯ ಕೇಳಿ: ಯಾವ ಬಂದರಿನಲ್ಲಿ ಹತ್ತಬಹುದು, ಯಾವ ಕಾಗದ ಬೇಕು, ಅಲ್ಲಿನ ಅಧಿಕಾರಿಗಳಿಗೆ ಯಾರು ತಿಳಿಸ್ತಾರೆ. ಉತ್ತರವನ್ನು ಮೇಲ್‌ನಲ್ಲಿ ಕಳಿಸಲು ಹೇಳಿ. ಅದು ಬರುವ ತನಕ ವಿಮಾನದ ಟಿಕೆಟ್ ತೆಗೆಯಬೇಡಿ.

ಊರು ನೋಡಲು ಇಳಿದಾಗ ತಪ್ಪಿದರೆ ಬಂದರಿನ ಏಜೆಂಟರನ್ನು ಹುಡುಕಿ. ಅವರ ಫೋನ್ ನಂಬರ್ ಹಡಗಿನಲ್ಲಿ ದಿನಾ ಕೊಡುವ ಹಾಳೆಯಲ್ಲಿ ಇರುತ್ತೆ. ಇಳಿಯುವಾಗ ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಏಣಿಯ ಹತ್ತಿರ ಕಾರ್ಡ್ ಸ್ಕ್ಯಾನ್ ಆಗುವುದರಿಂದ ಯಾರು ವಾಪಸ್ ಬಂದಿಲ್ಲ ಅನ್ನೋದು ಹಡಗಿನವರಿಗೆ ಗೊತ್ತಿರುತ್ತೆ. ಎಷ್ಟೋ ಸಲ ರೂಮಿನಲ್ಲಿದ್ದ ಪಾಸ್‌ಪೋರ್ಟ್ ತೆಗೆದು ಏಜೆಂಟರಿಗೆ ಕೊಟ್ಟು ಹೋಗಿರುತ್ತಾರೆ.

ಪಾಸ್‌ಪೋರ್ಟಿನ ಫೋಟೋ ಮೊಬೈಲಿನಲ್ಲಿ, ಎರಡು ದಿನದ ಮಾತ್ರೆ ಬ್ಯಾಗಿನಲ್ಲಿ, ಒಂದು ಬ್ಯಾಂಕ್ ಕಾರ್ಡ್ ಜೇಬಿನಲ್ಲಿ ಸದಾ ಇರಲಿ. ಪಾಸ್‌ಪೋರ್ಟ್ ಸಿಗಲೇ ಇಲ್ಲ ಅಂದರೆ ಆ ದೇಶದ ಭಾರತೀಯ ರಾಯಭಾರ ಕಚೇರಿಯೇ ದಾರಿ. ಪ್ರಯಾಣ ವಿಮೆ ತೆಗೆಯುವಾಗ ಹೊರಡುವ ಸಮಯ ತಪ್ಪಿದರೆ ಕೊಡುತ್ತಾರಾ ಅಂತ ಓದಿ ನೋಡಿ. ಇಲ್ಲದಿದ್ದರೆ ಖರ್ಚೆಲ್ಲ ನಮ್ಮದೇ.

ಮುಂದಿನ ಬಂದರಿನ ಜೊತೆ ಅದರ ಮುಂದಿನ ಬಂದರನ್ನೂ ಯೋಚಿಸಿಟ್ಟಿರಿ. ಗ್ಯಾಂಬಿಯಾದ ದಡದಲ್ಲಿ ನಿಂತ ಎಂಟು ಜನ ಕ್ಯಾಲೆಂಡರ್ ನೋಡಿ ಹೋಗಿದ್ದರು, ಹಡಗು ನೀರು ನೋಡಿ ಹೋಯಿತು.

ಇದೆಲ್ಲ ಬರೆದು ಮುಗಿಸಿದ ರಾತ್ರಿ ಆ ವಿಡಿಯೋ ಇನ್ನೊಮ್ಮೆ ಹಾಕಿದೆವು. ಈ ಸಲ ಯಾರೂ ನಗಲಿಲ್ಲ. ಮೊದಲ ದಿನ ಮಾತು ತೆಗೆದಿದ್ದ ಗೆಳೆಯನೇ, “ಆ ಕವರಲ್ಲಿ ಪಾಸ್‌ಪೋರ್ಟ್ ಇತ್ತೋ ಇಲ್ವೋ ಪಾಪ” ಅಂದ. ಮುಂದಿನ ತಿಂಗಳು ನಮ್ಮ ಇನ್ನೊಂದು ಇಂಡಸ್ಟ್ರಿಯಲ್ ವಿಸಿಟ್ ಇದೆ, ಬಸ್ಸು ಮತ್ತೆ ಐದೂವರೆಗೇ. ಅವನು ಈ ಸಲ ಎರಡು ಅಲಾರಂ ಇಡ್ತೀನಿ ಅಂದಿದ್ದಾನೆ. ನೋಡೋಣ.